ಮಾವನ ಅಳತೆಕೋಲು

ನಮ್ಮ ಸೋದರಮಾವ ಯಾರ ಮನೆಗೆ ಹೋದರೂ ಮೊದಲು ಗೋಡೆಗಳ ಕುಶಲ ವಿಚಾರಿಸುತ್ತಿದ್ದರು! ಮನುಷ್ಯರ ಸರದಿ ಆಮೇಲೆ, ಅದೂ ನೆನಪಾದರೆ. ಅವರೇನು ಆಚಾರಿಯಲ್ಲ, ಗದ್ದೆ ಬೇಸಾಯದ ಮನುಷ್ಯ. ಆದರೂ ಕೈಯಲ್ಲಿ ಸದಾ ಅಳತೆಕೋಲು. ಪೈವಳಿಕೆಯ ಸುತ್ತಮುತ್ತ ಯಾವ ಮನೆಯ ಆಯ ಸರಿ, ಅಂದರೆ ಯಾವುದರ ಸುತ್ತಳತೆ ಶಾಸ್ತ್ರಕ್ಕೆ ಒಪ್ಪುತ್ತದೆ ಎಂದು ತೀರ್ಪು ಕೊಡುವ ಅಧಿಕಾರವನ್ನು ತಮಗೆ ತಾವೇ ಕೊಟ್ಟುಕೊಂಡಿದ್ದರು.

ಮೀಂಜಕ್ಕೆ ಹೆಣ್ಣು ನೋಡಲು ಹೋಗಿ ಬಂದಾಗ ನನ್ನಮ್ಮ ಕೇಳಿದರಂತೆ, "ಹುಡುಗಿ ಹೇಗುಂಟು ಅಣ್ಣಾ?"

"ಬಾಗಿಲಿಗೆ ಹಲಸಿನ ದಾರಂದ. ಮುರಕಲ್ಲಿನ ಗೋಡೆ. ಒಂದು ಬಿರುಕಿಲ್ಲ."

"ಅಯ್ಯೋ, ನಾನು ಕೇಳಿದ್ದು ಹುಡುಗಿಯನ್ನು!"

"ಓ, ಅವಳಾ? ಅಳೆಯುವಾಗ ಅಡ್ಡ ಬಂದದ್ದು ಅವಳೇ ಇರಬೇಕು."

ಹಾಗೆ ಅಡ್ಡ ಬಂದವರೇ ನಮ್ಮ ಅತ್ತೆಯಾದರು.

ನಾನು ಎಂಟು ವರ್ಷದವಳಿದ್ದಾಗ ಅಪ್ಪ ಜ್ವರದಲ್ಲಿ ತೀರಿಕೊಂಡರು. ಊರಿಗೆ ಕಾರಣ ಹುಡುಕಲು ಎಷ್ಟು ಹೊತ್ತು ಬೇಕು? ಅಪ್ಪ ಆಸೆಪಟ್ಟು ಕಟ್ಟಿಸಿದ ಮನೆಯ ಆಯ ತಪ್ಪಿದೆ, ಯಜಮಾನನನ್ನೇ ತಿಂದಿತು ಎಂದರು. ಅಮ್ಮ ಒಳಗೆ ಕಾಲಿಡಲು ಹೆದರಿದರು. ಬಿಟ್ಟು ಹೋಗಲು ಮನಸ್ಸೂ ಇಲ್ಲ. ಜಗಲಿಯಲ್ಲೇ ಮೂರು ಕಲ್ಲಿಟ್ಟು ನಮಗೆ ಗಂಜಿ ಬೇಯಿಸಿದರು.

ಮಾವ ಬಂದರು. ನಡು ಮಧ್ಯಾಹ್ನ ಇಡೀ ಮನೆ ಅಳೆದು, ಬೆವರೊರೆಸಿಕೊಂಡು, "ಬೆಳಕು ಸಾಲುವುದಿಲ್ಲ, ನಾಳೆ ನೋಡುವ" ಎಂದು ಹೊರಟೇಹೋದರು. ಆ ಸುಡುಬಿಸಿಲಿನಲ್ಲಿ ಬೆಳಕು ಸಾಲದೆ! ಮರುದಿನ ನೆರೆಕರೆಯವರನ್ನೆಲ್ಲ ಕರೆಸಿ ಅವರೆದುರೇ ಮತ್ತೆ ಅಳೆದರು.

"ನೋಡಿ ಮಾರಾಯ್ರೆ, ಕೂದಲೆಳೆಯಷ್ಟೂ ತಪ್ಪಿಲ್ಲ! ಇಂಥ ಆಯದ ಮನೆ ಈ ಊರಲ್ಲಿ ಇನ್ನೊಂದು ಉಂಟಾ?"

ಅಂದು ಸಂಜೆ ಅಮ್ಮ ಒಳಗಿನ ಒಲೆ ಹಚ್ಚಿದರು.

ವಿಚಿತ್ರ ಕೇಳಿ! ಆಮೇಲೆ ಮಾವ ಬೇರೆ ಯಾರ ಮನೆಯನ್ನೂ ಅಳೆಯಲಿಲ್ಲ. ಕೋಲು ಮಾತ್ರ ಕೈಯಲ್ಲೇ ಇರುತ್ತಿತ್ತು. ಕರೆಯಲು ಬಂದವರಿಗೆ "ಸೊಂಟ ಬಗ್ಗುವುದಿಲ್ಲ" ಎನ್ನುತ್ತಿದ್ದರು, ಗದ್ದೆಯಲ್ಲಿ ಬಗ್ಗಿ ಬದುವಿಗೆ ಕೆಸರು ಮೆತ್ತುತ್ತಲೇ!

ನನಗೆ ಮದುವೆ ಗೊತ್ತಾದ ವರ್ಷ ನಮ್ಮ ಮನೆಯ ಮುಳಿಹುಲ್ಲು ತೆಗೆದು ಹಂಚು ಹಾಕಿಸಿದೆವು. ಕೆಲಸಕ್ಕೆ ಬಂದ ಆಚಾರಿ ಗೋಡೆಗೆ ಒರಗಿಸಿದ್ದ ಮಾವನ ಕೋಲನ್ನು ತನ್ನ ಕೋಲಿನ ಪಕ್ಕ ಹಿಡಿದು ನಕ್ಕ.

"ಇದೆಂತ ಅಕ್ಕಾ, ಎರಡು ಬೆರಳು ಗಿಡ್ಡ ಉಂಟಲ್ಲ! ಯಾರೋ ತುದಿ ಕತ್ತರಿಸಿದ್ದಾರೆ."

ನನಗೆ ಆ ಮಧ್ಯಾಹ್ನದ ಬಿಸಿಲು ನೆನಪಾಯಿತು. ಕೋಲು ಹಿಡಿದುಕೊಂಡು ಹೋಗಿ, ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದ ಮಾವನ ಮುಂದೆ ನಿಂತೆ. ಅವರು ಒಳಬಾಗಿಲ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದರು.

"ಎಂತ ಮಾಡುವುದು ಮಗಾ? ಮನೆಯನ್ನು ದೊಡ್ಡದು ಮಾಡಲಿಕ್ಕೆ ಆಗುತ್ತದಾ? ಕೋಲನ್ನು ಗಿಡ್ಡ ಮಾಡಿದೆ. ಹೊಸ ಕೋಲು ತಂದರೆ ನಿನ್ನ ಅಮ್ಮ ಇನ್ನೊಮ್ಮೆ ಅಳೆಯಲಿಕ್ಕೆ ಹೇಳಿಯಾಳು. ಇದರಲ್ಲಿ ಬೇರೆಯವರ ಮನೆ ಅಳೆದರೆ ಸುಳ್ಳಾಗುತ್ತದೆ. ಹಾಗೆ ಬಿಟ್ಟೆ."

ಅಷ್ಟರಲ್ಲಿ ಒಳಗಿನಿಂದ ಅಮ್ಮನ ದನಿ ಬಂತು. "ಆಚಾರಿ ಎಂತ ಹೇಳಿದ? ಅಳತೆ ಸರಿ ಉಂಟಂತಾ?"

"ಸರಿ ಉಂಟಂತೆ ಅಮ್ಮಾ! ಕೂದಲೆಳೆಯಷ್ಟೂ ತಪ್ಪಿಲ್ಲವಂತೆ!" ಎಂದೆ.

ಮಾವ ಗೋಡೆ ಬಿಟ್ಟು ಮೊದಲ ಸಲ ನನ್ನ ಮುಖ ನೋಡಿದ್ದು ಆಗಲೇ.