ಗಣ್ಯರ ದವಡೆ

ತಾತ್ಕಾಲಿಕ ಎಂದು ಹೇಳಿ ನಿಜಕ್ಕೂ ತಾತ್ಕಾಲಿಕವಾಗಿಯೇ ಉಳಿದ ವಸ್ತು ಈ ಲೋಕದಲ್ಲಿ ಒಂದೇ ಒಂದು. ಅದು ಶಿಲ್ಪಿಯ ಬಲದವಡೆಯ ಹಲ್ಲಿನ ಬಿರಡೆ. ಬೆಳಿಗ್ಗೆ ಬ್ರೆಡ್ಡಿನ ಅಂಚು ಕಚ್ಚಿದ್ದೇ ತಡ, ಅದು ಸ್ವಯಂನಿವೃತ್ತಿ ಪಡೆದು ತಟ್ಟೆಗೆ ಬಂದು ಕೂತಿತು. ಮೇಲೊಂದು ಗುಟುಕು ತಣ್ಣೀರು ಕುಡಿದ. ನೋವು ದವಡೆಯಲ್ಲಿ ಹತ್ತಿ, ಕಿವಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ನೆತ್ತಿಯಲ್ಲಿ ಇಳಿಯಿತು.

ಗಾಬರಿಯಾಗುವಂಥದ್ದೇನೂ ಇರಲಿಲ್ಲ. ಡಾಕ್ಟರು ಹುಳುಕು ಕೊರೆದು, ಕುಳಿಯ ಅಚ್ಚು ತೆಗೆದು ಲ್ಯಾಬಿಗೆ ಕಳಿಸಿದ್ದರು. ಲ್ಯಾಬಿನವರು ಅಚ್ಚಿಗೆ ಪ್ಲಾಸ್ಟರ್ ಹುಯ್ದು, ಕುಳಿಗೆ ಸರಿಯಾಗಿ ಕೂರುವ ತುಂಡೊಂದನ್ನು ಮಾಡಿಕೊಟ್ಟರೆ ಸಂಜೆ ಅಂಟಿಸುವುದೊಂದೇ ಬಾಕಿ. ಅದು ಇವತ್ತೇ ಆಗಬೇಕು. ನಾಳೆಯಿಂದ ಡಾಕ್ಟರಿಗೆ ಒಂದು ತಿಂಗಳ ರಜೆ.

ತೊಡಕು ಬೇರೆಯೇ ಇತ್ತು. ಆ ಲ್ಯಾಬಿನಲ್ಲಿ ಅಂಥ ತುಂಡುಗಳನ್ನು ಕೆತ್ತುವವನು ಶಿಲ್ಪಿಯೇ. ಅದಕ್ಕೇ ಅವನಿಗೆ ಆ ಅಡ್ಡಹೆಸರು. ಅಲ್ಲಿ ದುಡಿಯುವವರ ಬಾಯಲ್ಲಿ ಹುಳುಕು ಇರಕೂಡದು. ಯಜಮಾನರು ಎತ್ತು ಕೊಳ್ಳುವವರ ಹಾಗೆ ಬಾಯಿ ಬಿಡಿಸಿ ನೋಡಿಯೇ ಕೆಲಸ ಕೊಡುತ್ತಿದ್ದರು. ನನ್ನ ಲ್ಯಾಬಿನಲ್ಲಿ ಒಂದೇ ಒಂದು ಕೆಟ್ಟ ಹಲ್ಲು ತೋರಿಸಿ ಎಂದು ಊರಿನ ಡಾಕ್ಟರುಗಳಿಗೆಲ್ಲ ಸವಾಲು ಹಾಕುವುದೇ ಅವರ ಜಾಹೀರಾತು. ಹೋದ ವರ್ಷ ಒಬ್ಬನನ್ನು ಒಸಡು ಊದಿದ ಅಪರಾಧಕ್ಕೆ ಮನೆಗೆ ಕಳಿಸಿದ್ದರು.

ಹೀಗಾಗಿ ಶಿಲ್ಪಿ ತನ್ನ ಹೆಸರು ಎತ್ತಬೇಡಿ ಎಂದು ಡಾಕ್ಟರಲ್ಲಿ ಅಂಗಲಾಚಿದ್ದ. ಅವರು ಸುಳ್ಳು ಹೇಳುವವರಲ್ಲ, ಸ್ವಲ್ಪ ಉಬ್ಬಿಸುವವರು. ಲ್ಯಾಬಿಗೆ ಫೋನು ಮಾಡಿ, ಗಣ್ಯರೊಬ್ಬರ ಹಲ್ಲು, ಹೆಸರು ಕೇಳಬೇಡಿ ಎಂದುಬಿಟ್ಟರು. ಅಚ್ಚು ತನ್ನ ಮೇಜಿಗೆ ಬಂದರೆ ಸದ್ದಿಲ್ಲದೆ ಕೆತ್ತಿಕೊಳ್ಳೋಣ ಎಂದುಕೊಂಡಿದ್ದ ಶಿಲ್ಪಿಗೆ, ಲ್ಯಾಬಿನ ಬಾಗಿಲಲ್ಲೇ ಗುಂಪು ಕಾಣಿಸಿತು. ನಡುವೆ ಅವನದೇ ಪ್ಲಾಸ್ಟರ್ ಬಾಯಿ, ದರ್ಶನ ಕೊಡುತ್ತಾ ಕೂತಿತ್ತು.

ತಯಾರಾದ ಹಲ್ಲುಗಳಿಗೆ ಹೊಳಪು ಕೊಡುವ ಪಾಲಿಶ್ ಅಕ್ಕ, ಹಲ್ಲು ನೋಡಿ ಜಾತಕ ಹೇಳುವುದರಲ್ಲಿ ಎತ್ತಿದ ಕೈ. "ಈ ಮನುಷ್ಯ ನಿದ್ದೇಲಿ ಹಲ್ಲು ಕಡೀತಾನೆ. ಹೆಂಡತಿ ಅಂದ್ರೆ ಭಯ. ಉಜ್ಜೋದು ಎದುರಿಗೆ ಕಾಣೋ ಹಲ್ಲು ಮಾತ್ರ."

"ಹಾಗೇನೂ ಕಾಣಲ್ಲಕ್ಕ," ಎಂದ ಶಿಲ್ಪಿ, ಎಡಗೆನ್ನೆಯಲ್ಲೇ.

"ನಿನಗ್ಯಾಕಪ್ಪ ಸಿಟ್ಟು, ನಿನ್ನ ಬಾಯಾ?"

ಶಿಲ್ಪಿ ಪ್ಲಾಸ್ಟರ್ ಬಾಯಿಯನ್ನು ತನ್ನ ಮೇಜಿಗೆ ಒಯ್ಯಲು ಕೈ ಚಾಚಿದ. ಅಷ್ಟರಲ್ಲಿ ಯಜಮಾನರು ತೋಳು ಮಡಿಚಿ ಬಂದು, ಇದನ್ನು ತಾವೇ ಮಾಡುವುದಾಗಿ ಘೋಷಿಸಿದರು. ಅವರು ಉಳಿ ಮುಟ್ಟಿ ಬಹಳ ಕಾಲವಾಗಿತ್ತು. ಅವರ ಕೈ ಎಷ್ಟು ನಡುಗುತ್ತಿತ್ತೆಂದರೆ, ಟೀ ಕುಡಿಯುವಾಗ ಅರ್ಧ ಅವರಿಗೆ, ಅರ್ಧ ಅಂಗಿಗೆ. ನಿಮಗೇಕೆ ಶ್ರಮ, ನಾನಿದ್ದೇನಲ್ಲ ಎಂದು ಶಿಲ್ಪಿ ಎಷ್ಟು ಬೇಡಿದರೂ ಕೇಳಲಿಲ್ಲ.

"ನೀನು ಚೆನ್ನಾಗೇ ಮಾಡ್ತೀಯಪ್ಪ. ಆದ್ರೆ ಗಣ್ಯರು ಅಂದ್ಮೇಲೆ ಅನುಭವ ಬೇಕು ನೋಡು."

ಯಜಮಾನರು ಹಲ್ಲಿನ ಬಣ್ಣದ ರೆಸಿನ್ ಪದರಗಳನ್ನು ಒಂದರ ಮೇಲೊಂದು ಮೆತ್ತುತ್ತಾ ಹೋದರು. ತನ್ನದೇ ಆಪರೇಷನ್ನನ್ನು ಕಿಟಕಿಯಿಂದ ನೋಡುವವನ ಹಾಗೆ ಶಿಲ್ಪಿ ನಿಂತಿದ್ದ. ಕೊನೆಗೆ ಹೊರಬಂದದ್ದು ಅರ್ಧ ಅಗಿದು ಉಗುಳಿದ ಕಡಲೆಯಂತಿತ್ತು. ಹೇಗಿದೆ ಎಂದು ಕೇಳಿದರು. ಭದ್ರವಾಗಿದೆ ಎಂದಳು ಪಾಲಿಶ್ ಅಕ್ಕ, ಬಹಳ ಹುಡುಕಿ. ಕಡಲೆಯನ್ನು ತೆಳುಕಾಗದದಲ್ಲಿ ಸುತ್ತಿ, ಡಾಕ್ಟರಿಗೆ ಹೋಗುವ ಡಬ್ಬಿಯಲ್ಲಿ ಇಟ್ಟರು.

ಊಟದ ಹೊತ್ತಿಗೆ ಯಜಮಾನರು ಒಳಕೋಣೆಯಲ್ಲಿ ತೂಕಡಿಸಿದರು. ಶಿಲ್ಪಿ ಊಟ ಬಿಟ್ಟ. ಹೇಗೂ ಅಗಿಯುವಂತಿರಲಿಲ್ಲ. ಪ್ಲಾಸ್ಟರ್ ಬಾಯಿಯನ್ನು ಎದುರಿಗಿಟ್ಟುಕೊಂಡು, ಏಣು, ಗೀರು, ತಗ್ಗು ಒಂದನ್ನೂ ಬಿಡದೆ ಇನ್ನೊಂದು ತುಂಡು ಕೆತ್ತಿ, ನೀಲಿ ಬೆಳಕಿನ ಪೆಟ್ಟಿಗೆಯಲ್ಲಿ ಗಟ್ಟಿ ಮಾಡಿದ. ಅಂಥದ್ದನ್ನು ಅವನು ಬೇರೆ ಯಾರ ಬಾಯಿಗೂ ಮಾಡಿರಲಿಲ್ಲ. ಅದನ್ನೂ ಕಾಗದದಲ್ಲಿ ಸುತ್ತಿ, ಬೋರಲು ಹಾಕಿದ ಟೀ ಕಪ್ಪಿನ ಕೆಳಗೆ ಬಚ್ಚಿಟ್ಟು, ಕೈ ತೊಳೆಯಲು ಹೋದ.

ಬಂದು ನೋಡಿದರೆ ಯಜಮಾನರು ಅವನ ಮೇಜಿನ ಪಕ್ಕ ನಿಂತು ಸೂರು ನೋಡುತ್ತಿದ್ದರು. ಫ್ಯಾನು ಸದ್ದು ಮಾಡುತ್ತಿದೆಯಲ್ಲ ಎಂದರು. ಫ್ಯಾನು ತಿರುಗುತ್ತಿರಲಿಲ್ಲ. ಅವರು ಅತ್ತ ಹೋದದ್ದೇ ಶಿಲ್ಪಿ ಕಪ್ಪು ಎತ್ತಿದ. ಪೊಟ್ಟಣ ಅಲ್ಲೇ ಇತ್ತು. ಜೀವ ಬಂತು. ಕಣ್ಣು ಮಿಟುಕಿಸುವುದರೊಳಗೆ ಅದನ್ನು ಡಬ್ಬಿಗೆ ಸೇರಿಸಿ, ಡಬ್ಬಿಯಲ್ಲಿದ್ದ ಪೊಟ್ಟಣವನ್ನು ಜೇಬಿಗೆ ಇಳಿಸಿದ. ಡಬ್ಬಿಯನ್ನು ತಾನೇ ತಲುಪಿಸುತ್ತೇನೆಂದಾಗ ಯಜಮಾನರು ತಕ್ಷಣ ಒಪ್ಪಿದರು. ದಾರಿಯಲ್ಲಿ ಜೇಬಿನ ಪೊಟ್ಟಣವನ್ನು ಬಿಚ್ಚದೆಯೇ ಚರಂಡಿಗೆ ಎಸೆದ. ಕಡಲೆಯ ಕತೆ ಮುಗಿಯಿತು ಎಂದುಕೊಂಡ.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಬಿದ್ದ ಮೇಲೆ ಅವನ ಅರ್ಧ ಮುಖ ರಜೆಯ ಮೇಲೆ ಹೋಯಿತು. ಕಣ್ಣಿಗೆ ದೀಪ, ಬಾಯಿಗೆ ಹತ್ತಿ. ಡಾಕ್ಟರು ತುಂಡನ್ನು ಕೂರಿಸಿ, ಕಚ್ಚಿಸಿ ನೋಡಿ, ಹುಬ್ಬು ಗಂಟಿಕ್ಕಿದರು. "ಎತ್ತರ ಆದ ಹಾಗಿದೆ. ಸ್ವಲ್ಪ ಉಜ್ಜಲಾ?"

ಶಿಲ್ಪಿಯ ಸ್ವಾಭಿಮಾನಕ್ಕೆ ಇಂಜೆಕ್ಷನ್ ತಾಗಿರಲಿಲ್ಲ. "ಮುತ್ಬೇದಿ ದಾಕ್ತ್ರೇ. ಕೂದಲೆಳೆಯಷ್ತೂ ಬೇದ. ನನ್ ಕೈಕೆಲ್ಸ."

ಡಾಕ್ಟರಿಗೆ ಅನುಮಾನವಿತ್ತು, ಬಸ್ಸಿಗೂ ಹೊತ್ತಾಗಿತ್ತು. ಜನ್ಮಕ್ಕೆ ಅಲ್ಲಾಡದ ಹಾಗೆ ಅಂಟಿಸಿ, ಪೆಟ್ಟಿಗೆ ಹಿಡಿದು, ಬಾಗಿಲಿಗೆ ಬೀಗ ಹಾಕಿ ಹೊರಟೇಬಿಟ್ಟರು.

ಖಾಲಿ ಡಬ್ಬಿ ಕೊಡಲು ಲ್ಯಾಬಿಗೆ ಮರಳಿದಾಗ ಯಜಮಾನರೊಬ್ಬರೇ ಇದ್ದರು. ಎದ್ದು ಬಾಗಿಲು ಮುಂದೆ ಮಾಡಿದರು.

"ಕಪ್ಪಿನ ಕೆಳಗೆ ನೀನು ಮಾಡಿಟ್ಟಿದ್ದನ್ನ ನೋಡಿಬಿಟ್ಟೆ. ಅಭ್ಯಾಸಕ್ಕೆ ಮಾಡಿರ್ತೀಯ ಅಂದ್ಕೊಂಡೆ. ಏನು ಕೆಲಸಾನಪ್ಪ ಅದು. ನನ್ನ ಕೈ ನಡುಗೋದು ನನಗೆ ಗೊತ್ತಿಲ್ವಾ? ನಿನ್ನದನ್ನ ಡಬ್ಬಿಗೆ ಹಾಕಿ, ನನ್ನದನ್ನ ನಿನ್ನ ಕಪ್ಪಿನ ಕೆಳಗಿಟ್ಟೆ. ಪಾಪ, ಆ ಗಣ್ಯರ ಬಾಯಿ ನನ್ನಿಂದ ಹಾಳಾಗಬಾರದು ನೋಡು."

ಶಿಲ್ಪಿಯ ಕೆನ್ನೆಗೆ ನಿಧಾನವಾಗಿ ಸ್ಪರ್ಶ ಮರಳುತ್ತಿತ್ತು.

"ಯಾರಿಗೂ ಹೇಳ್ಬೇಡ," ಎಂದರು ಯಜಮಾನರು, ಅವನ ಬೆನ್ನು ತಟ್ಟುತ್ತಾ. "ಬಾಯಿ ಮುಚ್ಕೊಂಡು ಇದ್ದುಬಿಡು, ಅಷ್ಟೇ ನಾನು ಕೇಳೋದು."

ಶಿಲ್ಪಿ ಪ್ರಾಮಾಣಿಕವಾಗಿ ಪ್ರಯತ್ನಿಸಿದ. ಬಲಗಡೆಯ ಆ ಒಂದು ಹಲ್ಲು ಮೇಲಿನ ಸಾಲನ್ನು ಮುಟ್ಟಿತು. ಉಳಿದವೆಲ್ಲ ಅರ್ಧ ದಾರಿಯಲ್ಲೇ ನಿಂತವು.