ಬಳೆ ಹೆಚ್ಚಾದ ಅಂಗಡಿ

ನಮ್ಮ ಸೋದರಮಾವನಿಗೆ ಕನ್ನಡ ಪೂರ್ತಿ ಬರುತ್ತಿರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಹುಟ್ಟಿದ್ದು, ಬೆಳೆದದ್ದು, ವ್ಯಾಪಾರ ಮಾಡಿದ್ದು ಎಲ್ಲ ಹಾನಗಲ್ಲಿನಲ್ಲೇ. ಭಜನೆಯ ಪದಗಳೆಲ್ಲ ಬಾಯಿಪಾಠ. ಬಸ್ಸಿನ ಕಂಡಕ್ಟರನ ಜೊತೆ ಜಗಳ ಬಂದರೆ ಕನ್ನಡ ಸಾಲದೆ ಸವಣೂರಿನ ಉರ್ದುವಿಗೂ ಕೈ ಹಾಕುತ್ತಿದ್ದ. ಆದರೂ ಒಂದು ಶಬ್ದ ಅವನಿಗೆ ಬರುತ್ತಿರಲಿಲ್ಲ. ಎರಡೇ ಅಕ್ಷರದ್ದು. ತೊಟ್ಟಿಲ ಕೂಸು ಕೂಡ ತಲೆ ಅಲ್ಲಾಡಿಸಿ ಹೇಳುವಂಥದ್ದು. ‘ಇಲ್ಲ’ ಎಂಬುದೇ ಆ ಶಬ್ದ!

ನಗಿಸಲಿಕ್ಕೆ ಕಟ್ಟಿ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ನಗು ಬಂದರೆ ನಕ್ಕುಬಿಡಿ, ನಾವೂ ನಕ್ಕಿದ್ದೇವೆ. ಎಪ್ಪತ್ತರ ದಶಕದಲ್ಲಿ ನಾನು ಆ ಮನೆಯಲ್ಲಿದ್ದುಕೊಂಡು ಓದಿದವಳು. ಕಂಡದ್ದನ್ನು ಕಂಡಷ್ಟು ಹೇಳುತ್ತೇನೆ, ಕೇಳಿದ್ದನ್ನು ಕೇಳಿದ್ದೆಂದೇ ಹೇಳುತ್ತೇನೆ.

ಮಾವನದು ಬಳೆಯ ಅಂಗಡಿ. ಅವನ ಅಪ್ಪ ಹೆಗಲ ಮೇಲೆ ಬಳೆಯ ಮಲಾರ ಹೊತ್ತುಕೊಂಡು ಹಿರೇಕೆರೂರು, ಶಿಗ್ಗಾವಿ, ಸವಣೂರಿನ ಸುತ್ತಿನ ಹಳ್ಳಿಗಳನ್ನು ತಿರುಗಿದವನು. ಮಗನಿಗೆ ಅವನು ಕಲಿಸಿದ ನೀತಿ ಒಂದೇ. ಬಳೆಗಾರನ ಹತ್ತಿರ ಮುತ್ತೈದೆಯರು ಬರುತ್ತಾರೆ, ಅವನ ಬಾಯಲ್ಲಿ ಅಪಶಕುನದ ಮಾತು ಬರಬಾರದು. ಬಳೆ ಒಡೆದರೆ ‘ಒಡೀತು’ ಅನ್ನಬಾರದು, ‘ಹೆಚ್ಚಾತು’ ಅನ್ನಬೇಕು. ಮಾಲು ತೀರಿದರೆ ‘ಇಲ್ಲ’ ಅನ್ನಬಾರದು, ಅದೂ ‘ಹೆಚ್ಚಾತು’. ಇದೇನು ಅವರ ಮನೆಯದೊಂದೇ ಪದ್ಧತಿಯಲ್ಲ. ನಮ್ಮ ಕಡೆ ಡಬ್ಬಿಯಲ್ಲಿ ಅಕ್ಕಿ ತೀರಿದರೂ ‘ಅಕ್ಕಿ ಹೆಚ್ಚಾಗ್ಯಾವ’ ಎಂದೇ ಹೆಂಗಸರು ಹೇಳುವುದು. ಆದರೆ ಉಳಿದವರು ಆ ಮಾತನ್ನು ಒಲೆಯ ಹತ್ತಿರ ಬಿಟ್ಟು ಬೀದಿಗೆ ಬರುತ್ತಾರೆ. ಮಾವ ಬೀದಿಗೂ ತಂದ. ‘ಗೊತ್ತಿಲ್ಲ’ ಅನ್ನಬೇಕಾದಲ್ಲಿ ‘ನೋಡಬೇಕು’ ಅನ್ನುತ್ತಿದ್ದ. ‘ಊಟ ಆಗಿಲ್ಲ’ ಅನ್ನಬೇಕಾದಲ್ಲಿ ‘ಇನ್ನ ಮ್ಯಾಲೆ ಆಕ್ಕೈತಿ’ ಅನ್ನುತ್ತಿದ್ದ.

ಒಮ್ಮೆ ಮೈಸೂರು ಕಡೆಯ ಅಧಿಕಾರಿಯೊಬ್ಬರು ವರ್ಗವಾಗಿ ಊರಿಗೆ ಬಂದರು. ಅವರ ಹೆಂಡತಿ ಅಂಗಡಿಗೆ ಬಂದು ಕೆಂಪು ಗಾಜಿನ ಬಳೆ ಕೇಳಿದರು. ಕೆಂಪು ತೀರಿತ್ತು.

“ಹೆಚ್ಚಾಗ್ಯಾವ್ರಿ ತಾಯಿ,” ಅಂದ ಮಾವ.

“ಒಳ್ಳೇದಾಯ್ತು, ಎರಡು ಡಜನ್ ಕೊಡಿ.”

“ಹೆಚ್ಚಾಗ್ಯಾವ್ರಿ.”

“ಅದಕ್ಕೇ ಕೇಳ್ತಿರೋದು. ಅಷ್ಟು ಹೆಚ್ಚಾಗಿದ್ರೆ ಕೊಡೋಕೇನು ಕಷ್ಟ?”

ಮಾವ ಕೈ ಮುಗಿದ. ಆಕೆ ಮುಖ ಕೆಂಪು ಮಾಡಿಕೊಂಡು ಹೋದರು. ಆ ಕೆಂಪನ್ನೇ ಬಳೆಗೆ ಹಚ್ಚಿದ್ದರೆ ಆಗುತ್ತಿತ್ತು ಎಂದು ಅತ್ತೆ ಆಮೇಲೆ ಅಂದಳು. ಮರುದಿನ ಕಚೇರಿಯ ಸಿಪಾಯಿಯೊಬ್ಬ ಬಂದು, ಈ ಅಂಗಡಿಯಲ್ಲಿ ಮಾಲು ಬಚ್ಚಿಟ್ಟಿದ್ದಾರಂತೆ, ನೋಡಬೇಕು ಅಂದ. ಮಾವ ಒಂದೊಂದೇ ಪೆಟ್ಟಿಗೆ ತೆರೆದು ತೋರಿಸಿದ. ಎಲ್ಲ ಖಾಲಿ. “ನೋಡ್ರಿ, ಎಷ್ಟ್ ಹೆಚ್ಚಾಗ್ಯಾವ!” ಅಂದ. ಸಿಪಾಯಿ ನಮ್ಮ ಕಡೆಯವನೇ, ಪುಣ್ಯ. ಚಹಾ ಕುಡಿದು ಹೋದ.

ಇನ್ನೊಮ್ಮೆ ಯಾರೋ ಹಾದಿಹೋಕ ಅಂಗಡಿಯ ಮುಂದೆ ನಿಂತು, ಶಿಗ್ಗಾವಿಗೆ ಬಸ್ಸು ಉಂಟೇ ಎಂದು ಕೇಳಿದ. ಕೊನೆಯ ಬಸ್ಸು ಆಗಲೇ ಹೋಗಿತ್ತು. ಬಳೆ ಕೇಳಿದವನಲ್ಲ, ಬಸ್ಸು ಕೇಳಿದವನು! ಅವನಿಗಾದರೂ ‘ಇಲ್ಲ’ ಅನ್ನಬಹುದಿತ್ತಲ್ಲ? ಮಾವ “ಬರ್ತೈತಿ, ಕುಂದರ್ರಿ” ಅಂದ. ಆ ಮನುಷ್ಯ ಕುಂತ. ಅತ್ತೆ ಅವನಿಗೂ ರೊಟ್ಟಿ ಬಡಿದಳು, ಹಾಸಿಗೆ ಕೊಟ್ಟಳು. ಬಸ್ಸು ಬಂತು, ಸುಳ್ಳಲ್ಲ. ಮುಂಜಾನೆ ಬಂತು.

ಇಲ್ಲಿಯವರೆಗೆ ನಗಬಹುದು. ಇನ್ನು ಹೇಳುವ ಮದುವೆಯ ಸಂಗತಿಯನ್ನು ನಾನು ಕಂಡಿಲ್ಲ. ಮಾವ ಅತ್ತೆಯ ಮುಂದೆ ಹೇಳುವಾಗ ಬಾಗಿಲ ಹತ್ತಿರ ಕೂತು ಕೇಳಿದ್ದು.

ಮದುವೆಯಲ್ಲಿ ಮದುಮಗಳಿಗೆ ಹಸಿರು ಬಳೆ ಇಡಿಸುವ ಶಾಸ್ತ್ರಕ್ಕೆ ಬಳೆಗಾರ ಮನೆಗೇ ಹೋಗಬೇಕು. ಒಂದು ವರ್ಷ ಒಂದೇ ಮುಂಜಾನೆಗೆ ಎರಡು ಮನೆಯವರು ಕರೆದರು. ಒಬ್ಬರು ಸವಣೂರಿನವರು, ಇನ್ನೊಬ್ಬರು ಹಿರೇಕೆರೂರಿನವರು. ಒಂದು ಊರಿಗೆ ಮುಖ ಮಾಡಿದರೆ ಇನ್ನೊಂದು ಬೆನ್ನಿಗೆ ಬೀಳುತ್ತದೆ. ಮಲಾರವನ್ನಾದರೆ ಎರಡು ಪಾಲು ಮಾಡಬಹುದು, ಮಾವನನ್ನು ಹೇಗೆ ಮಾಡುವುದು? ಇಬ್ಬರಿಗೂ “ಬರ್ತೇನಿ” ಅಂದಿದ್ದ. ಸವಣೂರಿನಲ್ಲಿ ಬಳೆ ಇಡಿಸಿ, ಬಸ್ಸು ಬದಲಿಸುತ್ತ ಹಿರೇಕೆರೂರು ಮುಟ್ಟುವ ಹೊತ್ತಿಗೆ ಮದುಮಕ್ಕಳ ಮೇಲೆ ಅಕ್ಕಿಕಾಳು ಬಿದ್ದು ಊಟಕ್ಕೆ ಎಲೆ ಹಾಕಿದ್ದರು. ನೆರೆಮನೆಗಳ ಗೋಡೆಯ ಗೂಟದಿಂದ ತೆಗೆದ ನಾಲ್ಕು ತರದ ಬಳೆ ಮದುಮಗಳ ಕೈಯಲ್ಲಿದ್ದವು. ಮಾವನನ್ನು ಯಾರೂ ಬೈಯಲಿಲ್ಲ. ಆ ಮನೆಯ ಅಜ್ಜಿ ಮಾತ್ರ ಹತ್ತಿರ ಕರೆದಳಂತೆ.

“ನಿಮ್ಮಪ್ಪನ ಕೈಲೆ ಬಳಿ ಇಟ್ಕೊಂಡಾಕಿ ನಾ. ಬರಾಕ ಆಗಂಗಿಲ್ಲ ಅಂದಿದ್ರ ಮತ್ತೊಬ್ರನ್ನ ಕರಸ್ತಿದ್ವಿ. ಅದೊಂದ್ ಮಾತ್ ಅನ್ನಾಕ ನಿನಗೇನಾಗಿತ್ತಪಾ?”

ಆ ಕಡೆಯ ಮನೆಗಳು ಆಮೇಲೆ ಕರೆಯುವುದನ್ನು ಬಿಟ್ಟವು. ಮಾತು ಸಂತೆಯಿಂದ ಸಂತೆಗೆ ದಾಟಿ ಶಿಗ್ಗಾವಿಗೂ ಮುಟ್ಟಿತು. ಅವನ ‘ಹೌದು’ ನಂಬುವಂಥದ್ದಲ್ಲ ಎಂದು ಜನ ಆಡಿಕೊಂಡರು. ‘ಇಲ್ಲ’ ಬಾರದವನ ‘ಹೌದು’ ಎಂಬ ಮಾತಿಗೆ ಏನು ಬೆಲೆ? ಇದು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಮೊದಲು ಕಂಡುಕೊಂಡವಳು ಅತ್ತೆ.

“ಹಿಂಗಾದ್ರ ಒಂದಿನ ಅಂಗಡಿನೂ ಹೆಚ್ಚಾಕ್ಕೈತ್ರಿ,” ಅಂದಳು.

ಮಾವ ಆ ಮಾತಿಗೆ ನಗಲಿಲ್ಲ. ಅಂದಿನಿಂದ ಅವನ ಪಾಠ ಶುರುವಾಯಿತು. ಅಂಗಡಿಯ ಹಿಂದೆಯೇ ಮನೆ, ನಡುವೆ ಒಂದು ಒಳಬಾಗಿಲು. ಮುಂಜಾನೆ ಅಂಗಡಿಯ ಹಲಗೆ ತೆಗೆಯುವ ಮುಂಚೆ ಅತ್ತೆ ಸೆರಗು ಸರಿಮಾಡಿಕೊಂಡು ಒಳಬಾಗಿಲಲ್ಲಿ ಗಿರಾಕಿಯಾಗಿ ನಿಲ್ಲುತ್ತಿದ್ದಳು. ಮಾವ ಗಾದಿಯ ಮೇಲೆ ಬೆವರುತ್ತ ಕೂತಿರುತ್ತಿದ್ದ. ಸುಲಭವಾಗಲಿ ಎಂದು ಅತ್ತೆ ಅಂಗಡಿಯಲ್ಲಿ ಇರಲಾರದ ವಸ್ತುವನ್ನೇ ಕೇಳುತ್ತಿದ್ದಳು.

“ಅಣ್ಣಾರ, ಆನಿ ಐತೇನ್ರಿ?”

ಬಳೆಯ ಅಂಗಡಿಯಲ್ಲಿ ಆನೆ! ಮಾವ ಗಂಭೀರವಾಗಿ ವಿಚಾರ ಮಾಡಿದ. “ಆನಿ... ಬರೂ ಸಂತಿಗೆ ನೋಡ್ತೇನ್ರಿ.”

“ನೋಡಬ್ಯಾಡ್ರಿ! ಇಲ್ಲ ಅನ್ರಿ.”

“ಹುಬ್ಬಳ್ಳಿಯಾಗ ಸಿಗತೈತೇನೋ...”

“ಗಂಟಲಾಗಿಂದ ಬ್ಯಾಡ, ಹೊಟ್ಟ್ಯಾಗಿಂದ ಬರ್ಲಿ. ಹೂಂ, ಅನ್ರಿ.”

ಮಾವ ಕಣ್ಣು ಮುಚ್ಚಿದ. ಉಸಿರು ಎಳೆದುಕೊಂಡ. ಕೊರಳ ನರ ಉಬ್ಬಿದವು. “ಇಲ್...” ಅಂದ. ನಾನು ಓದುತ್ತಿದ್ದ ಪುಸ್ತಕ ಕೆಳಗಿಟ್ಟೆ. “ಇಲ್... ಇಲ್ಲೇ ಕುಂದರ್ರಿ, ತರಸ್ತೇನಿ!”

ಅತ್ತೆ ಹೊಸ್ತಿಲ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಮಾವ ನಗಲಿಲ್ಲ. ಅಂಗವಸ್ತ್ರದಿಂದ ಮುಖದ ಬೆವರು ಒರೆಸಿಕೊಳ್ಳುತ್ತಿದ್ದ. ನಾವು ತಮಾಷೆ ಎಂದುಕೊಂಡದ್ದು ಅವನಿಗೆ ಎಂಥ ಸಂಕಟ ಎಂಬುದು ನನಗೆ ತಿಳಿದದ್ದು ಆವತ್ತು. ಬಳೆಯ ಕೆಲಸದಲ್ಲಿ ಅವನು ಎಂದೂ ಹೀಗೆ ಬೆವರಿದವನಲ್ಲ. ಎಂಥ ಗಟ್ಟಿ ಕೈಯಾದರೂ ತನ್ನ ಅಂಗೈಯಲ್ಲಿ ಹಿಡಿದು, “ಕೈ ಸಡ್ಲ ಬಿಡವ್ವಾ,” ಅಂದು ಬಳೆ ಏರಿಸುತ್ತಿದ್ದ. ಹೆಂಗಸರು ನೋವಾದದ್ದು ಕಾಣೆವು ಅನ್ನುತ್ತಿದ್ದರು.

ಕೊನೆಗೆ ಅತ್ತೆ ಇನ್ನೊಂದು ಹಾದಿ ಹುಡುಕಿದಳು. ಅಡಿಗೆ ಕೆಲಸ ಮಾಡುತ್ತಲೇ ಒಳಬಾಗಿಲ ಕಡೆ ಕಿವಿಯಿಡುತ್ತಿದ್ದಳು. ಗಿರಾಕಿ ಕೇಳಿದ್ದು ಅಂಗಡಿಯಲ್ಲಿ ಉಂಟೋ ಇಲ್ಲವೋ ಅವಳಿಗೆ ಗೊತ್ತಿರುತ್ತಿತ್ತು. ಮಾವ “ಇಲ್...” ಎಂದು ತೊದಲುವಷ್ಟರಲ್ಲಿ ಒಳಗಿನಿಂದ “ಇಲ್ರೀ!” ಎಂದು ಕೇಳುತ್ತಿತ್ತು. ಮದುವೆಗೆ ಕರೆಯಲು ಬಂದರೂ ಹಾಗೆಯೇ. “ಆವತ್ತು ಬೇರೆ ಕಡೆ ಒಪ್ಪಿಕೊಂಡಾರ, ಆಗಂಗಿಲ್ರಿ.” ಹೀಗೆ ಅಂಗಡಿಯ ‘ಐತಿ’ ಮಾವನದಾಯಿತು, ‘ಇಲ್ಲ’ ಅತ್ತೆಯದಾಯಿತು. ಜನರ ನಂಬಿಕೆ ಮೆಲ್ಲಗೆ ಮರಳಿ ಬಂತು. ಎಂಬತ್ತರ ದಶಕ ಬರುವ ಹೊತ್ತಿಗೆ ಹಿರೇಕೆರೂರಿನ ಆ ಮನೆಯವರೇ ಇನ್ನೊಂದು ಮದುವೆಗೆ ಕರೆಯಲು ಬಂದರು. ಮಾವನನ್ನು ಕೇಳುವ ಮೊದಲು ಒಳಗೆ ಹೋಗಿ ಅತ್ತೆಯನ್ನು ಕೇಳಿದರು, ಅಷ್ಟೇ.

ಆಮೇಲೆ ಅತ್ತೆ ಜಡ್ಡು ಬಿದ್ದಳು. ಮಾವ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದ. ಡಾಕ್ಟರು ಅವನನ್ನೊಬ್ಬನನ್ನೇ ಹೊರಗೆ ಕರೆದು ಮಾತಾಡಿದರಂತೆ. ಇಬ್ಬರೂ ತಿರುಗಿ ಬಂದಾಗ ಮಾವನ ಕೈಯಲ್ಲಿ ಔಷಧದ ಚೀಲ, ಬಗಲಲ್ಲಿ ಬಳೆಯ ಒಂದು ರಟ್ಟಿನ ಪೆಟ್ಟಿಗೆ ಇದ್ದವು. ಗಿಳಿಹಸಿರು ಬಳೆ, ಸಣ್ಣ ಅಳತೆಯವು. ಅತ್ತೆಯ ಕೈ ಚಿಕ್ಕ ಹುಡುಗಿಯ ಕೈಯಷ್ಟೇ ಇತ್ತು.

ಒಂದು ಮಧ್ಯಾಹ್ನ, ಆರೈಕೆಗೆಂದು ಬಂದಿದ್ದ ನಾನು ಅವಳ ಕಾಲು ಒತ್ತುತ್ತ ಕೂತಿದ್ದೆ. ಮಾವ ಔಷಧ ಕುಡಿಸಲು ಬಂದ. ಅತ್ತೆ ಅವನ ಕೈ ತಡೆದಳು.

“ಡಾಕ್ಟರ್ ಏನಂದ್ರು? ನಾ ಉಳೀತೇನೇನ್ರಿ?”

“ಉಳೀತಿ,” ಅಂದ ಮಾವ. “ಬರೂ ಪಂಚಮಿಗೆ ಆ ಹಸರ ಬಳಿ ನಾನಾ ಇಡಸ್ತೇನಿ ನಿನಗ.”

ಅತ್ತೆ ಅವನ ಮುಖ ನೋಡಿ, ನನ್ನ ಕಡೆ ತಿರುಗಿ ನಕ್ಕಳು.

“ಕೇಳಿ ಕೇಳಿ ಯಾರನ್ನ ಕೇಳಿದೆ ನೋಡವಾ ನಾ. ಆನಿ ತರಸ್ತೇನಿ ಅಂದಾವ್ರನ್ನ.” ಸ್ವಲ್ಪ ದಣಿವಾರಿಸಿಕೊಂಡು ಮೆಲ್ಲಗೆ ಅಂದಳು, “ನಾ ಹೋದಮ್ಯಾಲೆ ಅಂಗಡ್ಯಾಗ ಇಲ್ಲ ಅನ್ನಾವ್ರು ಯಾರು?”

ಚಮಚೆಯ ಔಷಧ ಚೆಲ್ಲಿತ್ತು. ಮಾವ ಅದನ್ನು ಅಂಗವಸ್ತ್ರದಿಂದ ಒರೆಸಿದ.

ಅತ್ತೆಗೆ ಪಂಚಮಿ ಸಿಗಲಿಲ್ಲ. ಮುತ್ತೈದೆಯಾಗಿ ಹೋದವಳಿಗೆ ಹಸಿರು ಬಳೆ ಇಡಿಸಿ ಕಳಿಸಬೇಕು. ಯಾರೋ ಹೆಂಗಸರು ಮುಂದೆ ಬಂದರು. ಮಾವ ಅವರನ್ನು ಸರಿಸಿ ತಾನೇ ಕೂತ. ಆ ಪೆಟ್ಟಿಗೆ ತೆರೆದ. ಅವಳ ಕೈಯನ್ನು ತನ್ನ ಅಂಗೈಯಲ್ಲಿ ಹಿಡಿದು, ರೂಢಿಯ ಬಲದಿಂದ, “ಕೈ ಸಡ್ಲ ಬಿಡು,” ಅಂದ. ನಾನು ಹತ್ತಿರವೇ ಇದ್ದೆ, ಕೇಳಿದೆ. ಒಂದು ಬಳೆಯೂ ಹೆಚ್ಚಾಗಲಿಲ್ಲ.

ಅತ್ತೆಯ ದಿನಕಾರ್ಯಗಳೆಲ್ಲ ಮುಗಿದ ಮೇಲೆ ಮಾವ ಅಂಗಡಿಯ ಹಲಗೆ ತೆಗೆದ. ಇನ್ನು ಈ ಅಂಗಡಿ ನಡೆದಂತೆಯೇ ಎಂದು ಪೇಟೆಯವರು ಅಂದರು. ನಾನೂ ಮನಸ್ಸಿನಲ್ಲಿ ಅಂದೆ. ಆವತ್ತು ನಾನು ಅಲ್ಲೇ ಗಾದಿಯ ಅಂಚಿಗೆ ಕೂತಿದ್ದೆ. ಆಡೂರಿನಿಂದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಳು. ಮಗಳದು ಸಣ್ಣ ಕೈ. ಗಿಳಿಹಸಿರು ಬಳೆ ಬೇಕು ಅಂದರು.

ಆ ರಟ್ಟಿನ ಪೆಟ್ಟಿಗೆ ಮಾವನ ಮೊಳಕಾಲಿನ ಪಕ್ಕದಲ್ಲೇ ಇತ್ತು. ಮುಚ್ಚಳ ತೆರೆದಿತ್ತು. ಅತ್ತೆಗೆ ಇಡಿಸಿ ಉಳಿದ ಬಳೆಗಳು ಅದರಲ್ಲಿ ದಾರದಲ್ಲಿ ಕಟ್ಟಿದ ಹಾಗೆಯೇ ಇದ್ದವು.

ಮಾವ ಆ ಹುಡುಗಿಯ ಕೈ ನೋಡಿದ. ಪೆಟ್ಟಿಗೆ ನೋಡಿದ. ಕಣ್ಣು ಮುಚ್ಚಿ ಉಸಿರು ಎಳೆದುಕೊಂಡ. ‘ಇಲ್ಲೇ ಕುಂದರ್ರಿ’ ಬರುತ್ತದೆ ಎಂದು ನಾನು ಕಾದೆ.

“ಇಲ್ಲ,” ಅಂದ.

“ಅಲ್ಲೇ ಅದಾವಲ್ರಿ,” ಅಂದಳು ಹುಡುಗಿ, ಬೆರಳು ಮಾಡಿ.

ಮಾವ ಮುಚ್ಚಳ ಹಾಕಿ ಅದರ ಮೇಲೆ ಅಂಗೈ ಊರಿದ. “ಇಲ್ಲವ್ವಾ.”

ಗಂಟಲಿನಿಂದಲ್ಲ, ಹೊಟ್ಟೆಯೊಳಗಿಂದ ಬಂದಿತ್ತು. ಆಮೇಲೆ ಮಾವ, ಪಾಠ ಒಪ್ಪಿಸಿದ ಹುಡುಗ ಮಾಸ್ತರರ ಮುಖ ನೋಡುವ ಹಾಗೆ, ತಿರುಗಿ ಒಳಬಾಗಿಲ ಕಡೆ ನೋಡಿದ.