ಆರಿಸಬಾರದ ಚಂಡೆ

ಹುಲಿಗೆ ಹೆದರುವವನಿಗೆ ಊರಿನಲ್ಲಿ ಒಂದು ಮರ್ಯಾದೆಯಿದೆ. ದೆವ್ವಕ್ಕೆ ಹೆದರುವವನಿಗೆ ಜೊತೆಗಾರರಾದರೂ ಸಿಗುತ್ತಾರೆ. ಸ್ವಿಚ್ಚಿಗೆ ಹೆದರುವವನಿಗೆ ಮಾತ್ರ ಯಾರೂ ಇಲ್ಲ. ನಾನು ಆ ಜಾತಿಯವನು. ಹಳದೀಪುರದ ನಮ್ಮ ಮನೆಗೆ ಕರೆಂಟು ಬಂದ ಹೊಸತರಲ್ಲಿ ನಾನು ದೀಪ ಹಾಕುತ್ತಿದ್ದುದೇ ಮರದ ಸೌಟಿನ ಹಿಡಿಯಿಂದ. ಸಾರು ಕುದಿಯುವ ಹೊತ್ತಿಗೆ ಸೌಟು ಕಾಣದಿದ್ದರೆ ಹೆಂಡತಿ ನೇರವಾಗಿ ಸ್ವಿಚ್ ಬೋರ್ಡಿನ ಹತ್ತಿರ ಬರುತ್ತಿದ್ದಳು. ಇಂಥವನ ಕೈಗೆ, ಎಂಬತ್ತರ ದಶಕದ ಕೊನೆಗೆ, ದುಬೈಯಿಂದ ಬಂದ ಅವಳ ತಮ್ಮ ಒಂದು ಪುಟ್ಟ ಕೀಬೋರ್ಡ್ ಕೊಟ್ಟ. ಕುಮಟೆಯ ನಮ್ಮ ಆಫೀಸಿನ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದುದೊಂದೇ ನಾನು ಮಾಡಿದ ತಪ್ಪು. ಆ ಕೀಬೋರ್ಡಿನ ಮೈಕಿನೆದುರು ನಾಯಿ ಒಮ್ಮೆ ಬೊಗಳಿದರೆ ಸಾಕು, ಆಮೇಲೆ ಯಾವ ಕೀ ಒತ್ತಿದರೂ ಆ ನಾಯಿಯೇ, ಒಮ್ಮೆ ದಪ್ಪ ದನಿಯಲ್ಲಿ, ಒಮ್ಮೆ ಕೀರಲು ದನಿಯಲ್ಲಿ. "ಒಂದೇ ಸದ್ದು ಹಿಡೀತದೆ ಬಾವ. ಆರಿಸಿದ್ರೆ ಮರ್ತು ಹೋಗ್ತದೆ" ಎಂದ. ಅಂದಿನಿಂದ ನನಗೆ ಸ್ವಿಚ್ ಹಾಕುವ ಹೆದರಿಕೆಯ ಜೊತೆಗೆ ಆರಿಸುವ ಹೆದರಿಕೆಯೂ ಸೇರಿತು.

ಕೀಬೋರ್ಡ್ ಕೈಗೆ ಬಂದ ಮರುದಿನವೇ ಹೊನ್ನಾವರದಲ್ಲಿ ನಮ್ಮ ಆಫೀಸಿನ ನಾಟಕ. ಯುದ್ಧದ ದೃಶ್ಯಕ್ಕೆ ಚಂಡೆ ಬೇಕು. ಯಕ್ಷಗಾನದ ಆಟದ ಕಾಲವಾದ್ದರಿಂದ ಚಂಡೆಯವರೆಲ್ಲ ಮೇಳಗಳ ಜೊತೆ ಊರೂರು ತಿರುಗುತ್ತಿದ್ದರು. ಉಳಿದವರು ಮೇಳ ಬಿಟ್ಟು ಕರ್ಕಿಯಲ್ಲಿ ಕೂತಿದ್ದ ನನ್ನ ಮಾವ ಒಬ್ಬರೇ. ಅವರೋ ನಾಟಕದ ಸ್ಟೇಜು ಹತ್ತುವುದಿಲ್ಲವೆಂದು ಶಪಥ ಮಾಡಿದವರು. ಅವರೆದುರು ಮಾತಾಡಲೂ ನನಗೆ ಹೆದರಿಕೆ. ಆದರೆ ಮ್ಯಾನೇಜರರ ಮುಂದೆ 'ಚಂಡೆಯ ಚಿಂತೆ ಬಿಡಿ ಸರ್' ಎಂದುಬಿಟ್ಟಿದ್ದೆ. ಮಾತು ತಪ್ಪಿದವರನ್ನು ಘಟ್ಟದ ಮೇಲಿನ ಶಾಖೆಗೆ ಕಳಿಸುವುದರಲ್ಲಿ ಅವರದು ಎತ್ತಿದ ಕೈ. ಹಾಗಾಗಿ ಮಾವನ ಹತ್ತಿರ ಹೋಗಿ, ಕೀಬೋರ್ಡಿನ ಮೈಕಿನೆದುರು ಚಂಡೆಯ ಒಂದೇ ಒಂದು ಪೆಟ್ಟು ಬೇಡಿದೆ. ಕೆಟ್ಟ ಮೀನು ನೋಡುವಂತೆ ಮಷೀನು ನೋಡಿ, ಒಂದು ಪೆಟ್ಟು ಹೊಡೆದು, ಕೋಲು ಕೆಳಗಿಟ್ಟರು. ಆರಿಸದೆ, ಬ್ಯಾಟರಿಯಲ್ಲೇ ನಡೆಯುತ್ತಿದ್ದ ಮಷೀನನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು. ಪಕ್ಕದಲ್ಲಿ ಕೂತವನು ಅದನ್ನು ರೇಡಿಯೋ ಅಂದುಕೊಂಡು, ವಾರ್ತೆ ಹಾಕಿ ಎನ್ನುತ್ತ ಬೆರಳು ಚಾಚಿದಾಗ ನಾನು ಕೂಗಿದ ಕೂಗಿಗೆ ಡ್ರೈವರ್ ಬ್ರೇಕ್ ಹಾಕಿದ.

ಮನೆ ಮುಟ್ಟಿದರೂ ಅನುಮಾನ ಹೋಗಲಿಲ್ಲ. ಪೆಟ್ಟು ಒಳಗೇ ಇದೆಯೋ, ದಾರಿಯಲ್ಲಿ ಚೆಲ್ಲಿತೋ? ಭಜನೆ ಮಂದಿರದ ಲೌಡ್‌ಸ್ಪೀಕರ್ ತಂದು ಜೋಡಿಸಿ ಮೆಲ್ಲಗೆ ಒಂದು ಕೀ ಒತ್ತಿದೆ. ಮಾವನೇ ಅಂಗಳಕ್ಕೆ ಇಳಿದಂತಾಯಿತು. ಖುಷಿ ತಡೆಯದೆ ಹತ್ತೂ ಬೆರಳು ಬಿಟ್ಟು ಬಾರಿಸಿದೆ. ಹೊತ್ತು ಮುಳುಗುವ ಸಮಯ. ನಮ್ಮ ಕಡೆ ಆಟವಿದ್ದ ಸಂಜೆ ಚಂಡೆ ಬಾರಿಸಿ ಊರಿಗೆ ತಿಳಿಸುವ ಪದ್ಧತಿಯಿದೆ. ಅದಕ್ಕೆ ಕೇಳಿ ಹೊಡೆಯುವುದು ಎನ್ನುತ್ತಾರೆ. ಅದು ಕಿವಿಗೆ ಬಿದ್ದರೆ ಯಾರೂ ಏನು ಎತ್ತ ಎಂದು ವಿಚಾರಿಸುವುದಿಲ್ಲ, ಚಾಪೆ ಸುತ್ತಿಕೊಂಡು ಹೊರಡುತ್ತಾರೆ. ಚಂಡೆಯವರ ಅಳಿಯನಾದ ನನಗೆ ಇದು ನೆನಪಾದದ್ದು ಅಂಗಳ ಅರ್ಧ ತುಂಬಿದ ಮೇಲೆ. ಯಾವ ಮೇಳವೆಂದು ಒಬ್ಬರು ಕೇಳಿದರು. ಹರಕೆಯ ಆಟವಿರಬೇಕೆಂದು ಊಹಿಸಿದ ಪಕ್ಕದ ಮನೆಯ ಅಜ್ಜಿ ನನ್ನ ಹೆಂಡತಿಯ ಹೊಟ್ಟೆ ನೋಡಿ, ಎಷ್ಟು ತಿಂಗಳೆಂದು ವಿಚಾರಿಸಿದಳು. ಆಟವಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಚಾಪೆ ಹಾಸಿ ಕೂತ ಜನರನ್ನು ಎಬ್ಬಿಸಿ ಬದುಕಿದವರನ್ನು ನಾನು ಕಂಡಿಲ್ಲ.

ಅಷ್ಟರಲ್ಲಿ ನನ್ನ ಹಿಂದಿನ ಬಸ್ಸಿಗೆ ಮಾವ ಬಂದಿಳಿದರು. ಮಷೀನು ಕೈಕೊಟ್ಟರೆ ಇನ್ನೊಂದು ಪೆಟ್ಟು ಬೇಕಾದೀತೆಂದು ಚಂಡೆಯನ್ನು ಹೆಗಲಿಗೇರಿಸಿಕೊಂಡೇ ಬಂದಿದ್ದರು. ನಾನು ಮಷೀನನ್ನು ಅವಚಿಕೊಂಡು ಕಂಬಕ್ಕೆ ಆತು ನಿಂತೆ.

"ಪೆಟ್ಟು ನಂದೇ. ಹೊಡೆದವ ನಾನಲ್ಲ" ಎಂದರು ಜನರಿಗೆ. ಆಮೇಲೆ ನನ್ನ ಕಡೆ ತಿರುಗಿ, "ಕೇಳಿ ಹೊಡೆದ ಮೇಲೆ ಆಟ ಆಗ್ಲೇಬೇಕು, ಅಳಿಯಂದ್ರೆ. ಆರಿಸಿ ಅದನ್ನ" ಎಂದರು.

ನಾಳೆಯ ನಾಟಕ, ಮ್ಯಾನೇಜರು, ಘಟ್ಟದ ಮೇಲಿನ ಶಾಖೆ ಎಂದು ನಾನು ತೊದಲಿದೆ.

"ಅದು ಮರ್ತ್ರೆ ನಾಳೆ ಇನ್ನೊಂದು ಪೆಟ್ಟು ಕೊಡ್ವ. ಈ ಜನ ಮರೆಯೂದಿಲ್ಲ."

ಕಣ್ಣು ಮುಚ್ಚಿ ಆರಿಸಿದೆ. ವೇಷವಿಲ್ಲದಿದ್ದರೇನು, ಕೂತು ಮಾತಾಡುವ ತಾಳಮದ್ದಳೆಯಾದರೂ ಆಗಲಿ ಎಂದು ಮಾವ ತೀರ್ಪು ಕೊಟ್ಟರು. ಗುಂಪಿನಲ್ಲಿದ್ದ ಭಾಗವತರೊಬ್ಬರು ಜಾಗಟೆ ಹಿಡಿದರು. ಮನೆಯಲ್ಲಿ ಜಂಬ ಕೊಚ್ಚಿ, ವೈರಿಯ ಸೈನ್ಯ ಕಂಡೊಡನೆ ರಥದಿಂದ ಹಾರಿ ಓಡುವ ರಾಜಕುಮಾರನ ಅರ್ಥ, ಅಂದರೆ ಅವನ ಪಾತ್ರದ ಮಾತು, ಹೇಳಲು ಜನ ಕಡಿಮೆಯಾಯಿತು. ಮಾವ ನನ್ನನ್ನೇ ನೋಡಿದರು. ನಾನು ಕೂತೆ. ಚಂಡೆಯ ಪೆಟ್ಟು ಬಿದ್ದಾಗಲೆಲ್ಲ ನಿಜವಾಗಿಯೂ ಬೆಚ್ಚಿದೆ, ಬೆವರಿದೆ, ಮಾತು ಮರೆತೆ. ಅಜ್ಜಿ ಕಣ್ಣೀರು ಬರುವಷ್ಟು ನಕ್ಕಳು. ಎಂಥ ಅಭಿನಯ ಎಂದು ಜನ ಚಪ್ಪಾಳೆ ತಟ್ಟಿದರು.

ಮಾವ ಕೊಟ್ಟ ಎರಡನೆಯ ಪೆಟ್ಟಿನಿಂದ ಮರುದಿನದ ನಾಟಕವೂ ಹೇಗೋ ದಾಟಿತು. ಅದನ್ನು ಯಾರೂ ನೆನಪಿಟ್ಟಿಲ್ಲ. ಆದರೆ ಅಂದಿನಿಂದ ಕುಮಟೆಯಿಂದ ಭಟ್ಕಳದವರೆಗೆ ಆ ರಾಜಕುಮಾರ ಬೇಕಾದಲ್ಲೆಲ್ಲ ನನಗೇ ಕರೆ ಬರುತ್ತದೆ. ನಡುಕ ಬಹಳ ಸಹಜವಂತೆ. ಪ್ರತಿ ಸಲ ಕೂರುವ ಮೊದಲು ನಾಡಿ ಮುಟ್ಟಿ ನೋಡಿಕೊಳ್ಳುತ್ತೇನೆ. ಎಲ್ಲಾದರೂ ಧೈರ್ಯ ಬಂದುಬಿಟ್ಟಿದ್ದರೆ ನನ್ನ ಗತಿಯೇನೆಂದು ಹೆದರಿಕೆ.